ಕಾಲುಗಾವಲು: ನೆಲದ ಸೆಣಸಿನಲ್ಲಿ ಹಗುರ ಮೈಯವನ ರಕ್ಷಣೋಪಾಯ

೧. ಪ್ರಶ್ನೆಯ ಸ್ವರೂಪ

ದ್ವಂದ್ವಯುದ್ಧದಲ್ಲಿ ದೇಹಭಾರವು ಎಷ್ಟರಮಟ್ಟಿಗೆ ನಿರ್ಣಾಯಕವೆಂಬುದು ಹಳೆಯ ಪ್ರಶ್ನೆ. ನಿಂತು ಸೆಣಸುವಾಗ ಹಗುರ ಮೈಯವನು ತನ್ನ ಚುರುಕಿನಿಂದ ಭಾರವನ್ನು ತಪ್ಪಿಸಿಕೊಳ್ಳಬಲ್ಲನು. ನೆಲಕ್ಕೆ ಬಿದ್ದಮೇಲೆ ಆ ಅವಕಾಶವು ಬಹುಮಟ್ಟಿಗೆ ಇಲ್ಲವಾಗುತ್ತದೆ. ಅಂಗಾತ ಬಿದ್ದವನ ಮೇಲೆ ಅವನಿಗಿಂತ ಮೂವತ್ತು ಕಿಲೋಗ್ರಾಂ ಹೆಚ್ಚು ತೂಗುವ ಎದುರಾಳಿ ಕವಿದುಕೊಂಡಾಗ, ಕೆಳಗಿನವನಿಗೆ ಉಳಿಯುವ ಉಪಾಯವೇನು? ಜೂಡೋ ಮತ್ತು ಜುಜುತ್ಸು ವಿದ್ಯೆಗಳು ಈ ಪ್ರಶ್ನೆಗೆ ಕೊಡುವ ಉತ್ತರಕ್ಕೆ ‘ಗಾರ್ಡ್’ ಎಂದು ಹೆಸರು. ಬಿದ್ದವನು ತನ್ನ ಕಾಲುಗಳನ್ನು ತನಗೂ ಎದುರಾಳಿಗೂ ನಡುವೆ ಇರಿಸಿ ಕಾದುಕೊಳ್ಳುವ ಭಂಗಿಯಿದು. ಈ ಲೇಖನದಲ್ಲಿ ಇದಕ್ಕೆ ‘ಕಾಲುಗಾವಲು’ ಎಂಬ ಮಾತನ್ನು ಬಳಸಿದೆ.

ಕಾರವಾರ, ಅಂಕೋಲೆಗಳ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣವನ್ನು ಕಲಿಸುವವರೂ ಕಲಿಯುವವರೂ ಈ ವಿಷಯವನ್ನು ತಿಳಿದಿರಬೇಕಾದುದು ಅವಶ್ಯ. ಅಂಗಾತ ಬಿದ್ದೊಡನೆ ಎಲ್ಲವೂ ಮುಗಿಯಿತೆಂದು ನಂಬಿದವನು ಮೈ ಸೋಲುವ ಮೊದಲೇ ಮನಸ್ಸಿನಲ್ಲಿ ಸೋಲುತ್ತಾನೆ. ಆತ್ಮರಕ್ಷಣೆಗಾಗಿ ಕಲಿಯುವ ವಿದ್ಯಾರ್ಥಿನಿಯರ ವಿಷಯದಲ್ಲಂತೂ ಈ ನಂಬಿಕೆಯು ಅಪಾಯಕರ. ಅದೇ ರೀತಿ, ಕಾಲುಗಾವಲು ಬಲ್ಲವನಿಗೆ ಯಾರ ಭಯವೂ ಇಲ್ಲವೆಂಬ ನಂಬಿಕೆಯೂ ಅಪಾಯಕರವೇ.

೨. ನಿಯಮಕ್ಕೆ ತಕ್ಕ ಭಂಗಿ

ಉತ್ತರ ಕನ್ನಡ ಜಿಲ್ಲೆಯಲ್ಲಿ ಕುಸ್ತಿಗೆ ಹೆಸರಾದ ಊರು ಘಟ್ಟದ ಮೇಲಿನ ಹಳಿಯಾಳ. ಅಲ್ಲಿಯ ಅಖಾಡದಲ್ಲಾಗಲಿ ಮೈಸೂರಿನ ಗರಡಿಯಲ್ಲಾಗಲಿ ನಿಯಮವೊಂದೇ: ಬೆನ್ನು ನೆಲಕ್ಕೆ ತಾಗಿ ಚಿತ್ ಆದವನು ಸೋತವನು. ಆದಕಾರಣ ಕೆಳಗೆ ಬಿದ್ದ ಪೈಲವಾನನು ಬೋರಲಾಗಿ ಮಲಗಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಮೇಲಿನವನು ತನ್ನನ್ನು ಹೊರಳಿಸದಂತೆ ನೋಡಿಕೊಳ್ಳುತ್ತಾನೆ. ಆ ನಿಯಮದ ಮಟ್ಟಿಗೆ ಇದು ಸರಿಯಾದ ರಕ್ಷಣೆ. ಆದರೆ ನಿಯಮವಿಲ್ಲದೆಡೆ ಬೋರಲಾದವನು ತನ್ನ ಕುತ್ತಿಗೆಯನ್ನೂ ಬೆನ್ನನ್ನೂ ವೈರಿಗೆ ಒಪ್ಪಿಸಿದಂತಾಗುತ್ತದೆ. ಅವನಿಗೆ ಎದುರಾಳಿ ಕಾಣುವುದಿಲ್ಲ. ಅವನ ಕೈಕಾಲುಗಳು ಎದುರಾಳಿಯನ್ನು ಮುಟ್ಟುವುದಿಲ್ಲ.

ಜೂಡೋವಿನಲ್ಲಿ ನಿಯಮ ಬೇರೆ. ೧೮೮೨ರಲ್ಲಿ ಟೋಕಿಯೋದಲ್ಲಿ ಕೊಡೋಕನ್ ಶಾಲೆಯನ್ನು ಸ್ಥಾಪಿಸಿದ ಜಿಗೊರೊ ಕಾನೊ ಅವರ ಪದ್ಧತಿಯಲ್ಲಿ ಬೆನ್ನಮೇಲೆ ಕೆಡವಿದುದಕ್ಕೆ ಅಂಕವುಂಟು; ಆದರೆ ಆ ಕೆಡವು ಪೂರ್ಣವಾಗದಿದ್ದರೆ ಸೆಣಸು ನೆಲದಲ್ಲಿ ಮುಂದುವರಿಯುತ್ತದೆ. ಮೇಲಿನವನು ಎದುರಾಳಿಯನ್ನು ಅಂಗಾತ ಅದುಮಿ ಹಿಡಿಯಬೇಕು; ಈಗಿನ ನಿಯಮದಂತೆ ೨೦ ಸೆಕೆಂಡುಗಳ ಹಿಡಿತವು ಪೂರ್ಣ ಜಯ. ಕೆಳಗಿನವನು ಮೇಲಿನವನ ಕಾಲನ್ನು ತನ್ನ ಕಾಲುಗಳ ನಡುವೆ ಸಿಕ್ಕಿಸಿಕೊಂಡನೆಂದರೆ ಹಿಡಿತವು ಕಡಿದಂತೆ ಎಣಿಕೆ. ಈ ಒಂದು ನಿಯಮದಲ್ಲಿ ಕಾಲುಗಾವಲಿನ ಬೀಜವಿದೆ. ಬೆನ್ನು ನೆಲಕ್ಕೆ ತಾಗಿತೇ ಎಂಬ ಪ್ರಶ್ನೆಯ ಸ್ಥಾನದಲ್ಲಿ ಕಾಲುಗಳು ಎಲ್ಲಿವೆ ಎಂಬ ಪ್ರಶ್ನೆ ಬಂದು ನಿಲ್ಲುತ್ತದೆ.

ಕೊಡೋಕನ್ನಿನಲ್ಲಿ ಕಲಿತ ಮಿತ್ಸುಯೊ ಮಯೇದಾ ೧೯೧೪ರಲ್ಲಿ ಬ್ರೆಜಿಲ್ ದೇಶವನ್ನು ತಲುಪಿದರು. ಅವರ ವಿದ್ಯೆಯನ್ನು ಅಲ್ಲಿಯ ಗ್ರೇಸಿ ಮನೆತನದವರು ಮುಂದುವರಿಸಿ, ನೆಲದ ಸೆಣಸಿಗೆ ಪ್ರಾಧಾನ್ಯ ಕೊಟ್ಟು ಬೆಳೆಸಿದರು. ಅವರಲ್ಲಿ ಕೃಶಕಾಯರಾಗಿದ್ದ ಹೇಲಿಯೊ ಗ್ರೇಸಿ ಬಲಕ್ಕಿಂತ ಸನ್ನೆಯ ತತ್ತ್ವಕ್ಕೆ ಹೆಚ್ಚು ಗಮನವಿತ್ತರು.

೩. ಕಾಲುಗಾವಲಿನ ತತ್ತ್ವಗಳು

ಮೊದಲನೆಯದು, ಕಾಲಿನ ಬಲ. ಮನುಷ್ಯನ ತೊಡೆ ಸೊಂಟಗಳ ಸ್ನಾಯುಗಳು ತೋಳಿನ ಸ್ನಾಯುಗಳಿಗಿಂತ ಬಹಳ ದೊಡ್ಡವು. ಈ ಕರಾವಳಿಯಲ್ಲಿ ಹಿಂದೆ ವಿಶೇಷವಾಗಿ ಬಳಕೆಯಲ್ಲಿದ್ದ ರಂಪಣಿ ಬಲೆಯನ್ನು ದಡಕ್ಕೆ ಎಳೆಯುವವರು ಹಿಮ್ಮಡಿಯನ್ನು ಮರಳಿನಲ್ಲಿ ಊರಿ, ಮೈಯನ್ನು ಹಿಂದಕ್ಕೆ ಚೆಲ್ಲಿ ಎಳೆಯುವರು; ಕೈಗಳು ಹಗ್ಗವನ್ನು ಹಿಡಿದಿರಲು ಮಾತ್ರ. ಕಾಲುಗಾವಲಿನಲ್ಲಿಯೂ ಹೀಗೆಯೇ. ಎದುರಾಳಿಯ ಸೊಂಟದ ಸುತ್ತ ಕಾಲುಗಳನ್ನು ಬಳಸಿ, ಅವನ ಬೆನ್ನ ಹಿಂದೆ ಪಾದಗಳನ್ನು ಹೆಣೆದು, ಮೊಣಕಾಲುಗಳನ್ನು ತನ್ನ ಎದೆಯತ್ತ ಎಳೆದುಕೊಂಡರೆ ಅವನು ಮುಂದಕ್ಕೆ ಬಾಗಲೇಬೇಕು. ಬಾಗಿದವನ ತೋಳಿನಲ್ಲಿ ಬಲವಿದ್ದರೂ ಅದು ನೆಟ್ಟಗೆ ಪ್ರಯೋಗವಾಗದು.

ಎರಡನೆಯದು, ದೂರ. ಎದುರಾಳಿ ಬಹಳ ದಪ್ಪನಾಗಿದ್ದರೆ ಅವನ ಸೊಂಟವನ್ನು ಬಳಸಲು ಕಾಲು ಸಾಲದು. ಬಳಸಿದರೂ ಅವನು ಎತ್ತಿ ನೆಲಕ್ಕೆ ಅಪ್ಪಳಿಸಬಹುದು. ಆಗ ಬಿಚ್ಚಿದ ಕಾಲುಗಾವಲೇ ಮೇಲು. ಒಂದು ಪಾದ ಅವನ ಸೊಂಟದ ಮೇಲೆ, ಇನ್ನೊಂದು ಮೊಣಕಾಲು ಅವನ ಎದೆಗೆ ಅಡ್ಡವಾಗಿ, ಒಂದು ಕೈ ಅವನ ಮಣಿಕಟ್ಟಿನ ಮೇಲೆ ಇರತಕ್ಕದ್ದು. ಎದೆಗೆ ಎದೆ ತಾಗಿದರೆ ಭಾರ ಗೆಲ್ಲುತ್ತದೆ. ನಡುವೆ ಮೊಣಕಾಲಿನ ಎಲುಬು ನಿಂತಿರುವವರೆಗೆ ಭಾರವನ್ನು ಎಲುಬು ಹೊರುತ್ತದೆ, ಸ್ನಾಯು ದಣಿಯದು.

ಮೂರನೆಯದು, ಸೊಂಟದ ಚಲನೆ. ಮೇಲಿನ ಭಾರವನ್ನು ಎತ್ತಿಹಾಕುವುದು ಹಗುರ ಮೈಯವನಿಗೆ ಅಸಾಧ್ಯ. ಅದರ ಅಡಿಯಿಂದ ತಾನು ಜಾರುವುದು ಸಾಧ್ಯ. ಒಂದು ಪಾದವನ್ನು ಊರಿ, ಮಗ್ಗುಲಾಗಿ, ಸೊಂಟವನ್ನು ಹಿಂದಕ್ಕೆ ಮಡಿಸಿ ಸರಿಯುವ ಈ ಚಲನೆಯನ್ನು ಜಪಾನೀಯರು ಸೀಗಡಿಯ ಹೆಸರಿನಿಂದಲೇ ಕರೆಯುವರು. ಸೀಗಡಿಯು ಬಲೆಯಲ್ಲಿ ಮೈ ಮಡಿಸಿ ಹಿಂದಕ್ಕೆ ಚಿಮ್ಮುವುದನ್ನು ಕಂಡ ಕರಾವಳಿಯ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾದುದಿಲ್ಲ.

ನಾಲ್ಕನೆಯದು, ಕೋನ. ಕಾಳಿ ನದಿಯನ್ನು ದಾಟುವ ದೋಣಿಯವನು ಸೆಳವಿಗೆ ನೇರವಾಗಿ ಇದಿರು ನಿಲ್ಲುವುದಿಲ್ಲ, ಓರೆಯಾಗಿ ಸಾಗುತ್ತಾನೆ. ಅದರಂತೆಯೇ ಕೆಳಗಿನವನು ಎದುರಾಳಿಯ ಎದೆಗೆ ನೇರವಾಗಿರದೆ ಒಂದು ಮಗ್ಗುಲಿಗೆ ತಿರುಗಬೇಕು. ಆಗ ಅವನ ಇಡೀ ದೇಹ ಎದುರಾಳಿಯ ಒಂದು ತೋಳಿನ ವಿರುದ್ಧ ದುಡಿಯುತ್ತದೆ. ಮಂಡಿಯೂರಿದವನು ನಾಲ್ಕು ಕಾಲಿನ ಮೇಜಿದ್ದಂತೆ. ಒಂದೇ ಮಗ್ಗುಲಿನ ಕೈಯನ್ನೂ ಮಂಡಿಯನ್ನೂ ಕಟ್ಟಿಹಾಕಿದರೆ ಆ ಪಕ್ಕಕ್ಕೆ ಉರುಳಲೇಬೇಕು. ಇಲ್ಲಿ ಎದುರಾಳಿಯ ತೂಕವೇ ಉರುಳಿಸುವವನ ಸಹಾಯಕ್ಕೆ ಬರುತ್ತದೆ.

೪. ಎರಡು ದೃಷ್ಟಾಂತಗಳು

ಜೂಡೋವು ಮೊದಲ ಬಾರಿಗೆ ಒಲಿಂಪಿಕ್ ಕ್ರೀಡೆಗಳಲ್ಲಿ ಸೇರಿದುದು ೧೯೬೪ರಲ್ಲಿ, ಟೋಕಿಯೋದಲ್ಲಿ. ತೂಕದ ಮಿತಿಯಿಲ್ಲದ ವಿಭಾಗದ ಅಂತಿಮ ಸ್ಪರ್ಧೆಯಲ್ಲಿ ೧.೯೮ ಮೀಟರ್ ಎತ್ತರದ ಡಚ್ಚರ ಆಂಟನ್ ಗೇಸಿಂಕ್ ಅವರು ಜಪಾನಿನ ಅಕಿಯೊ ಕಾಮಿನಾಗ ಅವರನ್ನು ಮಗ್ಗುಲಿನಿಂದ ಅದುಮಿ ಹಿಡಿದು ಗೆದ್ದರು. ಆ ಹಿಡಿತವು ಮಗ್ಗುಲಿನದು ಎಂಬುದನ್ನು ಇಲ್ಲಿ ಗಮನಿಸಬೇಕು. ಭಾರಿ ಆಳು ಒಮ್ಮೆ ಕಾಲುಗಳನ್ನು ದಾಟಿ ಪಕ್ಕಕ್ಕೆ ಬಂದು ಕುಳಿತನೆಂದರೆ ನುರಿತ ಜಟ್ಟಿಗೂ ಬಿಡಿಸಿಕೊಳ್ಳುವುದು ಕಷ್ಟ.

ಎರಡನೆಯ ದೃಷ್ಟಾಂತವು ಇದಕ್ಕೆ ವ್ಯತಿರಿಕ್ತವಾದುದು. ೧೯೯೪ರ ಡಿಸೆಂಬರಿನಲ್ಲಿ ಅಮೆರಿಕದ ಟಲ್ಸಾ ನಗರದಲ್ಲಿ, ತೂಕದ ವರ್ಗಗಳಿಲ್ಲದ ಪಂದ್ಯದಲ್ಲಿ, ಸುಮಾರು ೮೦ ಕಿಲೋ ತೂಗುವ ರಾಯ್ಸ್ ಗ್ರೇಸಿ ಅವರಿಗೆ ಇದಿರಾದವರು ೧೧೦ ಕಿಲೋಗೂ ಮೀರಿದ ಕುಸ್ತಿಪಟು ಡ್ಯಾನ್ ಸೆವರ್ನ್. ಸೆವರ್ನ್ ಅವರು ಎದುರಾಳಿಯನ್ನು ಕೆಡವಿ, ಸುಮಾರು ೧೫ ನಿಮಿಷಗಳ ಕಾಲ ಮೇಲುಗೈಯಾಗಿದ್ದರು. ಕುಸ್ತಿಯ ಅಳತೆಯಲ್ಲಿ ಅದು ಆಗಲೇ ಗೆದ್ದ ಪಂದ್ಯ. ಆದರೆ ಅವರು ಕಾಲುಗಳನ್ನು ದಾಟಲಾಗಲಿಲ್ಲ. ಕಡೆಗೆ ಗ್ರೇಸಿ ಅಂಗಾತ ಮಲಗಿದ್ದಂತೆಯೇ, ಎದುರಾಳಿಯ ಒಂದು ತೋಳು ಮತ್ತು ಕುತ್ತಿಗೆಗಳನ್ನು ತಮ್ಮ ಕಾಲುಗಳ ತ್ರಿಕೋನದಲ್ಲಿ ಬಿಗಿದು ಸೋಲೊಪ್ಪಿಸಿದರು.

ಈ ಎರಡು ಪಂದ್ಯಗಳನ್ನು ಜೊತೆಗಿಟ್ಟು ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ನೆಲದ ಸೆಣಸಿನಲ್ಲಿ ಗಡಿರೇಖೆ ಇರುವುದು ಬಿದ್ದವನ ಬೆನ್ನಿನಲ್ಲಲ್ಲ, ಅವನ ಮೊಣಕಾಲುಗಳಲ್ಲಿ.

೫. ಮಿತಿಗಳು

ಮೇಲಿನ ಜಯಕ್ಕೆ ಎದುರಾಳಿಯ ಅಪರಿಚಯವೂ ಒಂದು ಕಾರಣ. ಇತರರು ಈ ವಿದ್ಯೆಯನ್ನು ಕಲಿತಂತೆ ಅಂಗಾತ ಮಲಗಿ ಗೆಲ್ಲುವುದು ಕಠಿಣವಾಯಿತು. ೧೯೯೭ರಲ್ಲಿ ಅದೇ ಪಂದ್ಯಾವಳಿಯಲ್ಲಿ ತೂಕದ ವರ್ಗಗಳು ಬಂದುವು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, ೧೨ನೆಯ ಶತಮಾನದ ‘ಮಾನಸೋಲ್ಲಾಸ’ವು ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗನುಸಾರವಾಗಿ ವರ್ಗೀಕರಿಸಿರುವುದನ್ನು ಇಲ್ಲಿ ನೆನೆಯಬಹುದು. ಕೌಶಲ ಸಮನಾದಲ್ಲಿ ಗಾತ್ರವು ಗೆಲ್ಲುವುದೆಂಬ ತಿಳಿವು ನಮ್ಮ ನಾಡಿಗೆ ಹೊಸದಲ್ಲ.

ಅಖಾಡದ ಹೊರಗೆ ಮಿತಿಗಳು ಇನ್ನೂ ಹೆಚ್ಚು. ಕಲ್ಲುನೆಲದಲ್ಲಿ ಎತ್ತಿ ಅಪ್ಪಳಿಸಿದರೆ ತಲೆಗೆ ಅಪಾಯ. ಎದುರಾಳಿಗೆ ಸಂಗಾತಿಯಿದ್ದರೆ, ಕೈಯಲ್ಲಿ ಆಯುಧವಿದ್ದರೆ, ನೆಲದಲ್ಲಿ ಉಳಿಯುವುದೇ ಅವಿವೇಕ. ಆದುದರಿಂದ ಆತ್ಮರಕ್ಷಣೆಯಲ್ಲಿ ಕಾಲುಗಾವಲಿನ ಪ್ರಥಮೋದ್ದೇಶ ಗೆಲುವಲ್ಲ. ಉಸಿರಿಗೆ ಎಡೆ ಮಾಡಿಕೊಂಡು, ದೂರ ಸೃಷ್ಟಿಸಿ, ಎದ್ದು ಓಡುವುದು.

೬. ಅಭ್ಯಾಸಕ್ರಮ

ಕಾರವಾರದ ಕಡಲತೀರ ಬೀಳುವುದಕ್ಕೆ ಮೆತ್ತಗಿದ್ದರೂ, ಒಣಮರಳಿನಲ್ಲಿ ಊರಿದ ಪಾದ ಕುಸಿಯುವುದರಿಂದ ಸೊಂಟದ ಚಲನೆಯನ್ನು ಅಲ್ಲಿ ಕಲಿಯುವುದು ಕಷ್ಟ; ಒದ್ದೆಮರಳು ಗಟ್ಟಿಯಾಗಿ ಬೀಳುವವನಿಗೆ ಪೆಟ್ಟಾಗುತ್ತದೆ. ಜೂಡೋ ಹಾಸಿನ ಮೇಲೆ ಆರಂಭಿಸುವುದೇ ಯುಕ್ತ. ಮೊದಲು ಸೀಗಡಿ ಚಲನೆ, ಆಮೇಲೆ ಎದ್ದುನಿಲ್ಲುವ ಕ್ರಮ, ಅದರ ಬಳಿಕ ಸಮತೂಕದ ಜೊತೆಗಾರನೊಡನೆ ಕಾಲುಗಾವಲು, ಕಡೆಗೆ ಭಾರದವನೊಡನೆ ಎಂಬ ಕ್ರಮವನ್ನು ಅನುಸರಿಸಬಹುದು. ಕುತ್ತಿಗೆಯ ಪಟ್ಟುಗಳನ್ನು ಬಲ್ಲ ಶಿಕ್ಷಕನ ಎದುರಿನಲ್ಲಿ ಮಾತ್ರ ಅಭ್ಯಸಿಸತಕ್ಕದ್ದು. ಜೊತೆಗಾರನು ಕೈಯಿಂದ ತಟ್ಟಿದ ಕ್ಷಣವೇ ಬಿಡತಕ್ಕದ್ದು.

ಇಷ್ಟರಿಂದ ಕುಸ್ತಿಯ ಪಾಠ ಹಳತಾಯಿತೆಂದು ಭಾವಿಸಲಾಗದು. ಬೀಳದಿರುವುದನ್ನು ಕುಸ್ತಿಯಷ್ಟು ಚೆನ್ನಾಗಿ ಬೇರಾವ ವಿದ್ಯೆಯೂ ಕಲಿಸದು. ಬಿದ್ದಮೇಲೆ ಏನು ಮಾಡಬೇಕೆಂಬುದನ್ನು ಕಾಲುಗಾವಲು ಕಲಿಸುತ್ತದೆ. ಹಗುರ ಮೈಯ ವಿದ್ಯಾರ್ಥಿಗೆ ಇವೆರಡೂ ಬೇಕು.