ಬೇಯದ ಬೇಳೆ, ಬಾರದ ನೊರೆ

ದಾಲ್ಚಾಕ್ಕೆ ಹಾಕಿದ ಕಡಲೆಬೇಳೆ ಐದಾರು ಸೀಟಿ ಕೂಗಿದರೂ ಕಾಳಾಗಿಯೇ ಉಳಿದಿರುತ್ತದೆ. ಮಗುವಿನ ತಲೆಗೆ ಎಷ್ಟು ಸಾಬೂನು ಉಜ್ಜಿದರೂ ನೊರೆ ಬರುವುದಿಲ್ಲ. ನಿನ್ನೆ ತಿಕ್ಕಿ ತೊಳೆದ ಸ್ಟೀಲ್ ತಂಬಿಗೆಯ ಮೇಲೆ ಇಂದು ಮತ್ತೆ ಬಿಳಿ ಚುಕ್ಕಿಗಳು. ಕೆ.ಆರ್. ಪೇಟೆ ತಾಲೂಕಿನ ಸಂತೆಬಾಚಹಳ್ಳಿ ಕಡೆ ಕೊಳವೆಬಾವಿ ನೀರನ್ನು ನಂಬಿದ ಮನೆಗಳಿಗೆ ಈ ಕಿರಿಕಿರಿ ಹೊಸದಲ್ಲ. ಬೈಗುಳ ಮಾತ್ರ ಬೇಳೆ ಮಾರಿದ ಅಂಗಡಿಯವನಿಗೆ, ಸಾಬೂನಿಗೆ, ಕೆಲವೊಮ್ಮೆ ಪಾತ್ರೆ ತೊಳೆದ ಸೊಸೆಗೂ ಬೀಳುತ್ತದೆ. ನಿಜವಾದ ಕಾರಣ ನೀರು.

ಮಳೆ ನೀರು ಮಣ್ಣು, ಬಂಡೆಯ ಬಿರುಕುಗಳಲ್ಲಿ ಇಳಿಯುವಾಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಇವು ಹೆಚ್ಚಾದರೆ ಅದೇ ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಈ ಲವಣಗಳು ಸಾಬೂನಿನೊಂದಿಗೆ ಸೇರಿ ಜಿಗುಟು ಗಸಿಯಾಗುತ್ತವೆ. ಬಕೆಟ್ಟಿನ ಅಂಚಿಗೆ ಅಂಟುವ ಬೂದು ಬಣ್ಣದ ಕೊಳೆ ಅದೇ. ನಮ್ಮ ಅಜ್ಜಿಯರು ತಲೆಗೆ ಬಳಸುತ್ತಿದ್ದ ಅಂಟುವಾಳದ ನೊರೆ ಹೀಗೆ ಗಸಿಯಾಗುವುದಿಲ್ಲ. ಗಡಸು ನೀರಿನ ಊರಲ್ಲಿ ಅದನ್ನು ಮರೆತದ್ದು ನಷ್ಟವೇ ಸರಿ.

ಬೇಳೆಯ ವಿಷಯಕ್ಕೆ ಬನ್ನಿ. ಕಾಳಿನ ಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ಪದಾರ್ಥವನ್ನು ಕ್ಯಾಲ್ಸಿಯಂ ಇನ್ನಷ್ಟು ಬಿಗಿ ಮಾಡುತ್ತದೆ. ಹುಳಿಯೂ ಹಾಗೆಯೇ. ಆದ್ದರಿಂದ ಬೇಳೆಯನ್ನು ಎರಡು ಮೂರು ಗಂಟೆ ನೆನೆಸಿಡಿ. ಹುಣಸೆ, ಟೊಮೆಟೊ ಏನಿದ್ದರೂ ಬೇಳೆ ಮೆತ್ತಗಾದ ಮೇಲೆ ಹಾಕಿ. ಚಿಟಿಕೆ ಅಡುಗೆ ಸೋಡ ಬೇಗ ಬೇಯಿಸುತ್ತದೆ ನಿಜ, ಹೆಚ್ಚಾದರೆ ಬಿ1 ಜೀವಸತ್ವ ನಾಶವಾಗುತ್ತದೆ. ಕುಡಿಯಲು ತಂದ ಕ್ಯಾನ್ ನೀರಿನಲ್ಲೇ ಒಂದೆರಡು ಲೋಟ ಬೇಳೆಗೆ ಕೊಟ್ಟರೆ ಗ್ಯಾಸ್ ಉಳಿಯುತ್ತದೆ. ಚಹಾದ ಮೇಲೆ ಪೊರೆ ಕಟ್ಟುವುದೂ ಈ ಕ್ಯಾಲ್ಸಿಯಂನಿಂದಲೇ. ಸುಲೈಮಾನಿಗೆ ನಿಂಬೆ ಹಿಂಡಿದಾಗ ಅದು ತಿಳಿಯಾಗಿ ಹೊಳೆಯುತ್ತದಲ್ಲ, ಅದಕ್ಕೆ ಹುಳಿ ಆ ಪೊರೆಯನ್ನು ಕಟ್ಟಲು ಬಿಡದಿರುವುದೂ ಒಂದು ಕಾರಣ.

ದಿನಕ್ಕೆ ಐದು ಬಾರಿ ವುಝೂ ಮಾಡುವವರ ಕೈಕಾಲು ಚಳಿಗಾಲದಲ್ಲಿ ಒಡೆಯುವುದುಂಟು. ಪ್ರತಿ ಸಲವೂ ಸಾಬೂನು ಬೇಕಿಲ್ಲ. ಹಚ್ಚಿದಾಗ ಗಸಿ ಉಳಿಯದಂತೆ ತೊಳೆದು, ಒದ್ದೆ ಆರುವ ಮೊದಲೇ ತುಸು ಕೊಬ್ಬರಿ ಎಣ್ಣೆ ಸವರಿ. ಬೆರಳ ಸಂದಿಯನ್ನು ಮಾತ್ರ ಒಣಗಿಸಿ.

ಇನ್ನು ಬಚ್ಚಲಿನ ಬಿಳಿ ಕಲೆ. ಇಲ್ಲಿ ಸ್ವಲ್ಪ ನಿಂತು ಓದಿ. ಕಲೆ ಹೋಗದೆ ರೋಸಿಹೋಗಿ ಹಲವರು ಆ್ಯಸಿಡ್ ಸುರಿಯುತ್ತಾರೆ, ಸಾಲದೆಂದು ಮೇಲೆ ಬ್ಲೀಚಿಂಗ್ ಪುಡಿ ಹಾಕುತ್ತಾರೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು. ಗೊತ್ತಿಲ್ಲದೆ ಬೆರೆಸಿಬಿಟ್ಟರೆ ತಕ್ಷಣ ಹೊರಗೆ ಬನ್ನಿ. ಕೆಮ್ಮು, ಉಸಿರಾಟದ ತೊಂದರೆ ಇದ್ದರೆ ಆಸ್ಪತ್ರೆಗೆ ಹೋಗಿ. ಆ್ಯಸಿಡನ್ನು ಹಳೆಯ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸವಂತೂ ಇವತ್ತೇ ನಿಲ್ಲಲಿ. ನಲ್ಲಿಯ ಕಲೆಗೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಟ್ಟರೆ ಸಾಕು. ನೀರು ಕಾಯಿಸುವ ರಾಡ್‌ಗೂ ಅದೇ ಉಪಾಯ, ಆದರೆ ಪ್ಲಗ್ ಕಿತ್ತು ರಾಡ್ ತಣ್ಣಗಾದ ಮೇಲೆ.

‘ಈ ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ’ ಎಂದು ಹೆದರಿ ನೀರನ್ನೇ ಕಡಿಮೆ ಕುಡಿಯುವವರಿದ್ದಾರೆ. ಕಲ್ಲಾಗಲು ಮುಖ್ಯ ಕಾರಣಗಳಲ್ಲಿ ಒಂದು ನೀರು ಕಡಿಮೆ ಕುಡಿಯುವುದೇ. ಗಡಸುತನ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಅದರ ಮೇಲೆ ಅಷ್ಟು ಭಯ. ಆತಂಕ ಪಡಬೇಕಾದ್ದು ಕಾಣದ ಫ್ಲೋರೈಡ್ ಬಗ್ಗೆ. ಕರ್ನಾಟಕದ ಹಲವು ಕಡೆ ಕೊಳವೆಬಾವಿಗಳಲ್ಲಿ ಅದು ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಬಾರದು. ದಾಟಿದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಅಳಿಸಲಾಗದ ಕಲೆ, ಮುಂದೆ ಮೂಳೆಗೂ ತೊಂದರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಜಲ ಜೀವನ್ ಮಿಷನ್ ಅಡಿ ಹಳ್ಳಿಯ ಮಹಿಳೆಯರಿಗೇ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ಬೋರಿನ ನೀರಿನ ಫಲಿತಾಂಶವನ್ನು ಗ್ರಾಮ ಪಂಚಾಯಿತಿಯಲ್ಲಿ ಕೇಳಿ.

ಮಳೆಗಾಲದಲ್ಲಿ ಒಂದು ಸುಖವಿದೆ, ಅದನ್ನು ಬಿಡಬೇಡಿ. ಹತ್ತಡಿ ಉದ್ದ, ಹತ್ತಡಿ ಅಗಲದ ಶೀಟಿನ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸೋರಿ ಹೋದದ್ದು ಬಿಟ್ಟೂ ಸುಮಾರು 150 ಲೀಟರ್ ಸಿಗುತ್ತದೆ. ಮೊದಲ ಹತ್ತು ನಿಮಿಷದ ನೀರನ್ನು ಚೆಲ್ಲಿ, ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ, ಸೊಳ್ಳೆ ಮೊಟ್ಟೆಯಿಡದಂತೆ ಡ್ರಮ್ಮಿನ ಬಾಯಿ ಬಿಗಿಯಾಗಿ ಕಟ್ಟಿ. ಶೀಟು ಹಳೆಯ ಆ್ಯಸ್ಬೆಸ್ಟಸ್ ಆಗಿದ್ದರೆ ಅಡುಗೆಗೆ ಬೇಡ. ಅಂದು ಸಂಜೆ ಹೆಣ್ಣುಮಕ್ಕಳ ತಲೆಗೆ ಆ ನೀರು ಹಾಕಿ ನೋಡಿ: ಅರ್ಧ ಸಾಬೂನಿಗೇ ಕೈತುಂಬ ನೊರೆ, ಬಾಚಣಿಗೆಗೆ ಸಿಕ್ಕಿಲ್ಲದ ಕೂದಲು.