ಕಂಬ ನೆಲದ ಹತ್ತಿರನೇ ಯಾಕ ಮುರೀತದ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಹೊಲದ ಬೇಲಿಯ ಕಟ್ಟಿಗೆ ಕಂಬ ಬಿದ್ದಾಗ ಒಮ್ಮೆ ಗಮನಿಸಿ ನೋಡ್ರಿ. ಮೇಲಿನ ಭಾಗ ಗಟ್ಟಿ ಇರ್ತದ, ಆಳದಲ್ಲಿದ್ದ ತುದಿಯೂ ಬಹಳ ಸಲ ಗಟ್ಟಿನೇ. ಮುರಿದಿರೋದು ನೆಲದ ಮಟ್ಟದ ಆಚೀಚೆ ಗೇಣುದ್ದದಲ್ಲಿ.

ಕಟ್ಟಿಗೆ ಕೊಳೆಸುವುದು ಶಿಲೀಂಧ್ರ. ಅದಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಕಟ್ಟಿಗೆಯ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯೋದಿಲ್ಲ. ಹಾಗಾಗಿ ಮೇಲ್ಭಾಗ ಉಳಿಯುತ್ತದೆ. ಆಳದ ಒದ್ದೆ ಮಣ್ಣಿನಲ್ಲಿ ಆಮ್ಲಜನಕ ಕಡಿಮೆ; ಅಲ್ಲಿಯೂ ಕೊಳೆತ ನಿಧಾನ. ಎರಡೂ ಒಟ್ಟಿಗೆ ಸಿಗೋದು ನೆಲದ ಮಟ್ಟದಲ್ಲಿ ಮಾತ್ರ.

ನಮ್ಮ ಭಾಗದ ಕರಿಮಣ್ಣು ಇದನ್ನು ಇನ್ನೂ ಹೆಚ್ಚಿಸುತ್ತದೆ. ಬೇಸಿಗೆಯಲ್ಲಿ ಮಣ್ಣು ಕುಗ್ಗಿ ಕಂಬದ ಸುತ್ತ ಬಿರುಕು ಬಿಡುತ್ತದೆ, ಮೊದಲ ಮಳೆಯ ನೀರು ನೇರ ಅದರೊಳಗೆ ಇಳಿಯುತ್ತದೆ. ಕಬ್ಬಿನ ಹೊಲವಾದರೆ ವರ್ಷವಿಡೀ ತೇವ. ಒಣ ಹೊಲದಲ್ಲಿ ಒರಲಿ, ಅಂದರೆ ಗೆದ್ದಲು, ಬೇರೆ.

ಈಗ ನಮ್ಮ ಸ್ಟ್ರೆಂತ್ ಆಫ್ ಮಟೀರಿಯಲ್ಸ್ ಪಾಠಕ್ಕೆ ಬರೋಣ. ದನ ಮೈ ಉಜ್ಜಿದಾಗ ಕಂಬದ ಮೇಲೆ ಬಾಗುವ ಒತ್ತಡ ಅತಿ ಹೆಚ್ಚು ಬೀಳೋದು ನೆಲದ ಹತ್ತಿರವೇ. ದುಂಡು ಕಂಬದ ಬಾಗು ಶಕ್ತಿ ವ್ಯಾಸದ ಘನಕ್ಕೆ ಅನುಗುಣ. 10 ಸೆಂ.ಮೀ. ಕಂಬದ ಸುತ್ತ ಬರೀ 1 ಸೆಂ.ಮೀ. ಕೊಳೆತರೆ ಉಳಿಯೋದು 8 ಸೆಂ.ಮೀ. 0.8ರ ಘನ 0.512. ಅಂದರೆ ಅರ್ಧ ಶಕ್ತಿ ಹೋಯ್ತು!

ಹಾಗಾದರೆ ಏನು ಮಾಡಬೇಕು?

ಮೊದಲು ಕಟ್ಟಿಗೆ ಆರಿಸಿ. ಜಾಲಿಯ ಒಳಗಿನ ಕಪ್ಪು ಚೇಗು ಬಾಳುತ್ತದೆ, ಹೊರಗಿನ ಬಿಳಿ ಭಾಗ ಬೇಗ ಕೊಳೆಯುತ್ತದೆ. ತೊಗಟೆ ಸುಲಿದು, ನೆರಳಲ್ಲಿ ಚೆನ್ನಾಗಿ ಒಣಗಿಸಿ. ಹಸಿ ಕಟ್ಟಿಗೆಗೆ ಡಾಂಬರು ಬಳಿದರೆ ನೀರು ಒಳಗೇ ಸಿಕ್ಕಿಬೀಳ್ತದ. ಗುಂಡಿಯ ತಳಕ್ಕೆ ಜಲ್ಲಿ ಹಾಕಿ. ಕಾಂಕ್ರೀಟ್ ಹಾಕಿದರೆ ತಳ ಮುಚ್ಚಬೇಡಿ, ಬಟ್ಟಲಿನಂತೆ ನೀರು ನಿಲ್ಲುತ್ತದೆ. ಮೇಲ್ಭಾಗ ನೆಲಕ್ಕಿಂತ ಸ್ವಲ್ಪ ಎತ್ತರ, ಹೊರಗೆ ಇಳಿಜಾರಾಗಿರಲಿ. ಸುಟ್ಟ ಇಂಜಿನ್ ಆಯಿಲ್ ಬೇಡ: ಕಟ್ಟಿಗೆಯ ಆಳಕ್ಕೆ ಇಳಿಯೋದಿಲ್ಲ, ಮಣ್ಣು ಕೆಡಿಸುತ್ತದೆ.

ಒತ್ತಡದಿಂದ ಕಂಬಕ್ಕೆ ತುಂಬುವ ಒಂದು ಔಷಧದ ಕಥೆ ನಮ್ಮ ದೇಶದ್ದೇ. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂಟಿ ಕಾಮೇಶಂ ಎಂಬ ಎಂಜಿನಿಯರ್ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿದ ಸಂರಕ್ಷಕ ರೂಪಿಸಿದರು. ತಾಮ್ರ ಶಿಲೀಂಧ್ರವನ್ನು, ಆರ್ಸೆನಿಕ್ ಕೀಟವನ್ನು ತಡೆಯುತ್ತದೆ. ಕ್ರೋಮಿಯಂ ಎರಡನ್ನೂ ಕಟ್ಟಿಗೆಗೆ ಅಂಟಿಸುತ್ತದೆ. ಪ್ರಪಂಚದಾದ್ಯಂತ ಬಳಕೆಗೆ ಬಂತು. ಆದರೆ ಆರ್ಸೆನಿಕ್ ಭಯದಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಹೆಚ್ಚಿನ ಕಟ್ಟಿಗೆಗೆ ಇದನ್ನು ಹಾಕುವುದು ನಿಂತಿತು. ನಾವು ಹೇಳೋದು ಇಷ್ಟೇ: ಅಂಥ ಕಂಬ ತರೋದಾದರೆ ತರಕಾರಿ ಮಡಿ, ಬಾವಿ ಹತ್ತಿರ ನೆಡಬೇಡಿ, ಅದರ ತುಂಡು ಒಲೆಗೆ ಹಾಕಲೇಬೇಡಿ.

ಇನ್ನೊಂದು ಹಳೇ ದಾರಿಯೂ ಇದೆ: ಜೀವಂತ ಬೇಲಿ. ಗ್ಲಿರಿಸಿಡಿಯಾದ ಕೊಂಬೆ ನೆಟ್ಟರೆ ಬೇರು ಬಿಟ್ಟು ಅದೇ ಕಂಬವಾಗುತ್ತದೆ.

ರಜೆಗೆ ಊರಿಗೆ ಹೋದಾಗ ಮುಂಗಾರಿಗೆ ಮುಂಚೆ ಕಂಬದ ಬುಡದ ಮಣ್ಣು ಒಂದು ಗೇಣು ಸರಿಸಿ, ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಪಕ್ಕದಲ್ಲೊಂದು ಕಬ್ಬಿಣದ ಆಂಗಲ್ ಹೂಳಿ, ಮೇಲಿನ ಗಟ್ಟಿ ಭಾಗವನ್ನು ಅದಕ್ಕೆ ತಂತಿಯಿಂದ ಬಿಗಿಯಿರಿ. ಇಡೀ ಕಂಬ ಬದಲಿಸೋ ಖರ್ಚು ಉಳೀತದ.