ರಕ್ತ ಎಷ್ಟಿದ್ದರೆ ಕಡಿಮೆ?

ಬಬಲೇಶ್ವರದಲ್ಲೊಬ್ಬ ಹೆಣ್ಣುಮಗಳು, ಮಂಗಳೂರಿನಲ್ಲೊಬ್ಬಳು. ಇಬ್ಬರಿಗೂ ಮೂವತ್ತರ ಆಸುಪಾಸು, ಇಬ್ಬರೂ ಗರ್ಭಿಣಿಯರಲ್ಲ. ಇಬ್ಬರ ರಕ್ತ ತಪಾಸಣೆಯ ಚೀಟಿಯಲ್ಲೂ ಹಿಮೋಗ್ಲೋಬಿನ್ 12.2 ಎಂದಿದೆ ಎಂದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯನ್ನು ಅಕ್ಷರಶಃ ಪಾಲಿಸಿದರೆ ಮಂಗಳೂರಿನವಳಿಗೆ ಏನೂ ಆಗಿಲ್ಲ, ಬಬಲೇಶ್ವರದವಳಿಗೆ ರಕ್ತಹೀನತೆ. ಯಂತ್ರ ಕೆಟ್ಟಿಲ್ಲ, ಲ್ಯಾಬಿನವರು ತಪ್ಪು ಬರೆದಿಲ್ಲ. ವ್ಯತ್ಯಾಸ ಇರುವುದು ಊರಿನ ಎತ್ತರದಲ್ಲಿ.

ವಿಜಯಪುರ ನಗರ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ. ತಿಕೋಟಾ, ಬಬಲೇಶ್ವರಗಳೂ ಅದೇ ಪ್ರಸ್ಥಭೂಮಿಯ ಊರುಗಳು. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಒಂದೊಂದು ಉಸಿರಿನಲ್ಲಿ ಸಿಗುವ ಆಮ್ಲಜನಕವೂ ತುಸು ತಗ್ಗುತ್ತದೆ. ಮೂತ್ರಪಿಂಡ ಇದನ್ನು ಗುರುತಿಸಿ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚು ಬಿಡುತ್ತದೆ, ಮೂಳೆಯ ಮಜ್ಜೆ ಹೆಚ್ಚು ಕೆಂಪುಕಣ ತಯಾರಿಸುತ್ತದೆ. ಹಾಗಾಗಿ ಎತ್ತರದ ಊರಿನವರ ಹಿಮೋಗ್ಲೋಬಿನ್ ಕರಾವಳಿಯವರದಕ್ಕಿಂತ ಸ್ವಲ್ಪ ಹೆಚ್ಚೇ ಇರಬೇಕು. ಆ ಹೆಚ್ಚಳವನ್ನು ಅಳತೆಯಿಂದ ಕಳೆಯುವ ತಿದ್ದುಪಡಿಯನ್ನು ಹಿಂದೆ 1000 ಮೀಟರಿನಿಂದ ಮೇಲಿನ ಊರುಗಳಿಗೆ ಮಾತ್ರ ಹೇಳಿದ್ದರು. 2024ರಲ್ಲಿ ಅದು 500 ಮೀಟರಿಗೇ ಇಳಿಯಿತು. 500ರಿಂದ 999 ಮೀಟರ್ ಎತ್ತರದಲ್ಲಿರುವವರ ಅಳತೆಯಿಂದ 0.4 ಕಳೆಯಬೇಕು. 12.2ರಲ್ಲಿ ಅಷ್ಟು ಕಳೆದರೆ 11.8. ಗರ್ಭಿಣಿಯಲ್ಲದ ವಯಸ್ಕ ಹೆಂಗಸರಿಗೆ ಹಾಕಿರುವ ಗೆರೆ 12. 0.4 ಎಂಬುದು ದೊಡ್ಡ ಸಂಖ್ಯೆಯಲ್ಲ, ಆದರೆ ಗೆರೆಯ ಅಂಚಿನಲ್ಲಿ ನಿಂತವರನ್ನು ಈಚೆಯಿಂದ ಆಚೆಗೆ ದಾಟಿಸಲು ಅಷ್ಟು ಸಾಕು.

ರಕ್ತಹೀನತೆ ಎಂದರೇನು ಎಂದು ಕೇಳಿದರೆ ಪಠ್ಯಪುಸ್ತಕ ಒಂದೇ ಸಾಲಿನಲ್ಲಿ ಉತ್ತರಿಸುತ್ತದೆ: ದೇಹದ ಅಗತ್ಯಕ್ಕೆ ಸಾಕಾಗುವಷ್ಟು ಆಮ್ಲಜನಕ ಒಯ್ಯಲು ರಕ್ತಕ್ಕೆ ಆಗದ ಸ್ಥಿತಿ. ಮಾತು ಸರಿಯೇ. ಆದರೆ ಅದನ್ನು ಹಿಡಿದುಕೊಂಡು ಆಶಾ ಕಾರ್ಯಕರ್ತೆಯೊಬ್ಬರು ತಿಕೋಟಾದ ಓಣಿಯಲ್ಲಿ ಯಾರಿಗೆ ಗುಳಿಗೆ ಕೊಡಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸಲಾಗದು. ಅದಕ್ಕೆ ಒಂದು ಸಂಖ್ಯೆ ಬೇಕು. 100 ಮಿಲಿಲೀಟರ್ ರಕ್ತದಲ್ಲಿ ಇಷ್ಟು ಗ್ರಾಂ ಹಿಮೋಗ್ಲೋಬಿನ್‌ಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂಬ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಕೆಲವೇ ಅಧ್ಯಯನಗಳ ಆಧಾರದ ಮೇಲೆ ಎಳೆಯಿತು: ಗಂಡಸರಿಗೆ 13, ಹೆಂಗಸರಿಗೆ 12, ಗರ್ಭಿಣಿಯರಿಗೆ 11.

ಗೆರೆ ಎಳೆಯುವ ರೀತಿ ಹೀಗೆ. ಆರೋಗ್ಯವಂತರ ದೊಡ್ಡ ಗುಂಪಿನ ರಕ್ತ ಅಳೆಯುತ್ತಾರೆ, ಎಲ್ಲರನ್ನೂ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಇಡುತ್ತಾರೆ, ಅತಿ ಕೆಳಗಿನ ಶೇ 5ರಷ್ಟು ಮಂದಿ ಎಲ್ಲಿಗೆ ಮುಗಿಯುತ್ತಾರೋ ಅಲ್ಲಿ ಗೆರೆ. ಅಂದರೆ ನೂರು ಆರೋಗ್ಯವಂತರಲ್ಲಿ ಐದು ಮಂದಿ ಈ ಗೆರೆಯ ಕೆಳಗೆ ಬಿದ್ದೇ ಬೀಳುತ್ತಾರೆ, ಅವರಿಗೆ ಯಾವ ರೋಗವೂ ಇಲ್ಲದಿದ್ದರೂ. ಲ್ಯಾಬ್ ವರದಿಯ ಬಲಗಡೆ ‘ನಾರ್ಮಲ್’ ಎಂದು ಅಚ್ಚಾಗುವ ಎರಡು ಅಂಕಿಗಳ ಕಥೆಯೂ ಹೆಚ್ಚುಕಡಿಮೆ ಇದೇ. ಸಾಮಾನ್ಯವಾಗಿ ನಡುವಿನ ಶೇ 95ರಷ್ಟು ಜನರನ್ನು ಒಳಗಿಟ್ಟು, ಎರಡೂ ತುದಿಯವರನ್ನು ಹೊರಗಿಡುತ್ತಾರೆ. ಆರೋಗ್ಯವಾಗಿರುವ ಮನುಷ್ಯ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿಕೊಂಡರೆ ಕನಿಷ್ಠ ಒಂದಾದರೂ ಗೆರೆ ದಾಟುವ ಸಾಧ್ಯತೆ ಶೇ 64. ಫುಲ್ ಬಾಡಿ ಚೆಕಪ್ ಪ್ಯಾಕೇಜ್ ಮಾಡಿಸಿ, ದಪ್ಪಕ್ಷರದ ಒಂದು ಅಂಕಿ ನೋಡಿ ರಾತ್ರಿಯೆಲ್ಲ ನಿದ್ದೆಗೆಡುವವರಿಗೆ ಈ ಲೆಕ್ಕವನ್ನು ಮೊದಲೇ ಹೇಳಬೇಕು ಎಂಬುದು ನನ್ನ ಬಹುದಿನದ ಆಸೆ.

ನಿಜವಾದ ತೊಡಕು ‘ಆರೋಗ್ಯವಂತರ ಗುಂಪು’ ಎಂಬಲ್ಲಿದೆ. ಯಾರ ಗುಂಪು? ಭಾರತದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ದೇಶದ ಪೋಷಣಾ ಸಮೀಕ್ಷೆಯ ಅಂಕಿಗಳನ್ನೇ ತೆಗೆದುಕೊಂಡಿತು. ಕಬ್ಬಿಣ ಮತ್ತು ಜೀವಸತ್ವಗಳ ಕೊರತೆಯಿಲ್ಲದ, ಸೋಂಕಿಲ್ಲದ ಮಕ್ಕಳನ್ನು ಆರಿಸಿ ಹೊಸದಾಗಿ ಗೆರೆ ಎಳೆದಾಗ ಅದು ಹಳೆಯ ಗೆರೆಗಿಂತ ಕೆಳಗೆ ಬಂತು. ಹಳೆಯದರ ಪ್ರಕಾರ 1ರಿಂದ 19 ವರ್ಷದವರಲ್ಲಿ ಶೇ 30ರಷ್ಟು ಮಂದಿಗೆ ರಕ್ತಹೀನತೆ, ಹೊಸದರ ಪ್ರಕಾರ ಶೇ 11ಕ್ಕೂ ಕಡಿಮೆ. ಮಕ್ಕಳು ಅವರೇ, ರಕ್ತವೂ ಅದೇ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಪೂರ್ತಿ ಒಪ್ಪಲಿಲ್ಲ. ಆದರೆ 2024ರಲ್ಲಿ 6ರಿಂದ 23 ತಿಂಗಳ ಕೂಸುಗಳ ಗೆರೆಯನ್ನು 11ರಿಂದ 10.5ಕ್ಕೆ ಇಳಿಸಿತು. ಐದು ತಿಂಗಳು ತುಂಬಿದ ಬಸುರಿಗೂ ಈಗ ಗೆರೆ 10.5. ಬಸುರಿನ ನಡುವಿನ ಮೂರು ತಿಂಗಳಲ್ಲಿ ರಕ್ತದ ನೀರಿನಂಶ ಕೆಂಪುಕಣಗಳಿಗಿಂತ ಬೇಗ ಹೆಚ್ಚುತ್ತದೆ, ರಕ್ತ ತೆಳುವಾಗುತ್ತದೆ. ಅಲ್ಲಿ ಇಳಿದ ಅಂಕಿಯಲ್ಲಿ ಒಂದಿಷ್ಟು ಪಾಲು ಬಸುರಿನ ಸಹಜ ಗುಣ.

ಇನ್ನು ಅಳೆಯುವ ಬಗೆ. ಉಪಕೇಂದ್ರದಲ್ಲಿ ಸಿಸ್ಟರ್ ಉಂಗುರ ಬೆರಳನ್ನೋ ನಡುಬೆರಳನ್ನೋ ಸ್ಪಿರಿಟ್ ಹತ್ತಿಯಿಂದ ಒರೆಸಿ, ಆರಲು ಬಿಟ್ಟು, ತುದಿಯ ಪಕ್ಕಕ್ಕೆ ಚುಚ್ಚುತ್ತಾರೆ. ಮೊದಲ ಹನಿಯನ್ನು ಒರೆಸಿಬಿಡಬೇಕು, ಆಮೇಲಿನ ಹನಿ ತಾನಾಗಿ ದುಂಡಗೆ ನಿಲ್ಲಬೇಕು. ವರ್ಷವಿಡೀ ಕುಡುಗೋಲು ಹಿಡಿದು ಗಟ್ಟಿಯಾದ ಬೆರಳಾದರೆ ಹನಿ ಸಲೀಸಾಗಿ ಬರುವುದಿಲ್ಲ. ಹಿಂಡಿದರೆ ಜೀವಕೋಶಗಳ ನಡುವಿನ ನೀರು ರಕ್ತಕ್ಕೆ ಬೆರೆತು ಅಂಕಿ ಇಳಿಯುತ್ತದೆ. “ಯಕ್ಕಾ, ಕೈ ಬಿಗಿ ಹಿಡೀಬ್ಯಾಡ, ಸಡಲ ಬಿಡು” ಎಂದು ಸಿಸ್ಟರ್ ಹೇಳುವುದು ನೋವಿನ ಸಮಾಧಾನಕ್ಕಷ್ಟೇ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೀಗೆ ಬೆರಳಿನ ಹನಿಯಿಂದಲೇ ಅಳೆದು, ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಎಂದಿತ್ತು. ತೋಳಿನ ರಕ್ತನಾಳದಿಂದ ತೆಗೆದ ರಕ್ತವೇ ಹೆಚ್ಚು ನಂಬಿಕೆಗೆ ಅರ್ಹ ಎಂಬ ವಾದ ಬಲವಾಗಿ, ಮುಂದಿನ ಸುತ್ತಿನಲ್ಲಿ ಈ ಪರೀಕ್ಷೆಯನ್ನು ಕೈಬಿಟ್ಟು ಬೇರೆಯದೇ ಸಮೀಕ್ಷೆಗೆ ವಹಿಸಿದರು.

ಗೆರೆಯ ಜಗಳ ರಕ್ತಕ್ಕಷ್ಟೇ ಅಲ್ಲ. ಹುಟ್ಟಿದ ಕೂಸು 2,500 ಗ್ರಾಂಗಿಂತ ಕಡಿಮೆ ತೂಗಿದರೆ ‘ಕಡಿಮೆ ತೂಕದ ಕೂಸು’. ಸರಿಯಾಗಿ 2,500 ತೂಗಿದರೆ ಅಲ್ಲ. 1976ಕ್ಕಿಂತ ಮೊದಲು 2,500 ಕೂಡ ಒಳಗಿತ್ತು. ಪೂರ್ಣಾಂಕಕ್ಕೆ ಹೊಂದಿಸಿ ಬರೆಯುವ ಅಭ್ಯಾಸದಿಂದ ಎಷ್ಟೋ ದೇಶಗಳ ದಾಖಲೆಗಳಲ್ಲಿ 2.5 ಕಿಲೋ ಎಂಬಲ್ಲಿಯೇ ಕೂಸುಗಳ ರಾಶಿ ಬೀಳುತ್ತದೆ. ಗೆರೆಯೂ ಅಲ್ಲಿಯೇ ಇರುವುದರಿಂದ ಲೆಕ್ಕ ಕೆಡುತ್ತದೆ. ರಕ್ತದೊತ್ತಡದ್ದೂ ಅದೇ ಹಾಡು: ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ 140/90, ಅಮೆರಿಕದಲ್ಲಿ 2017ರಿಂದ 130/80.

ಇಷ್ಟೆಲ್ಲ ಕೇಳಿದ ಮೇಲೆ ಗೆರೆಯೇ ಸುಳ್ಳು ಎಂದು ಕೈಕೊಡವುವುದು ಸುಲಭ. ನಾನು ಒಪ್ಪುವುದಿಲ್ಲ. ವಿಜಯಪುರ ಜಿಲ್ಲೆಯದೇ ಆದ ಇಂಡಿ ಊರಿನ ಅಂಕಿಯನ್ನು ತಿಕೋಟಾದ ಜೊತೆ, ಈ ವರ್ಷದ್ದನ್ನು ಹತ್ತು ವರ್ಷದ ಹಿಂದಿನದರ ಜೊತೆ ಹೋಲಿಸಬೇಕಾದರೆ ಎಲ್ಲರ ಬಾಯಲ್ಲೂ ಪದಕ್ಕೆ ಒಂದೇ ಅರ್ಥವಿರಬೇಕು. ಒಂದು ಹಿಮೋಗ್ಲೋಬಿನ್ ಅಂಕಿ ಕೊಟ್ಟರೆ ನಾನಂತೂ ಮೂರು ಪ್ರಶ್ನೆ ಕೇಳುತ್ತೇನೆ: ಯಾರ ರಕ್ತ, ಯಾವ ಊರಿನಲ್ಲಿ, ಯಾವ ರೀತಿಯಲ್ಲಿ ತೆಗೆದದ್ದು?

ಜನ ಹೆಚ್ಚು ಕಲಸಿಬಿಡುವ ಜೋಡಿ ಇನ್ನೊಂದಿದೆ: ರಕ್ತಹೀನತೆ ಮತ್ತು ಕಬ್ಬಿಣದ ಕೊರತೆ. ಎರಡೂ ಒಂದೇ ಅಲ್ಲ. ದೇಹದ ಕಬ್ಬಿಣದ ದಾಸ್ತಾನನ್ನು ಫೆರಿಟಿನ್ ಎಂಬ ಪ್ರೋಟೀನು ತೋರಿಸುತ್ತದೆ. ವಯಸ್ಕರಲ್ಲಿ ಅದು ಲೀಟರಿಗೆ 15 ಮೈಕ್ರೋಗ್ರಾಂಗಿಂತ ಇಳಿದರೆ ಕಬ್ಬಿಣದ ಕೊರತೆ. ಹಿಮೋಗ್ಲೋಬಿನ್ ಇಳಿಯುವ ಮುಂಚೆಯೇ ಈ ದಾಸ್ತಾನು ಬರಿದಾಗಿರಬಹುದು. ತಿರುವುಮುರುವಾಗಿ, ಕಬ್ಬಿಣ ಸಾಕಷ್ಟಿದ್ದೂ ಬಿ12 ಇಲ್ಲವೇ ಫೋಲೇಟ್ ಕೊರತೆಯಿಂದ, ಥಲಸ್ಸೀಮಿಯಾದಿಂದ, ಬಹುಕಾಲದ ಸೋಂಕಿನಿಂದ ರಕ್ತಹೀನತೆ ಬರಬಹುದು. ತಿಕೋಟಾ ಒಣದ್ರಾಕ್ಷಿಯ ನಾಡು. ‘ಒಣದ್ರಾಕ್ಷಿ ತಿಂದರೆ ರಕ್ತ ಏರುತ್ತದೆ’ ಎಂಬ ಮಾತು ಮನೆಮನೆಯಲ್ಲಿದೆ. 100 ಗ್ರಾಂ ಒಣದ್ರಾಕ್ಷಿಯಲ್ಲಿ ಇರುವುದು 2 ಮಿಲಿಗ್ರಾಂ ಆಸುಪಾಸಿನ ಕಬ್ಬಿಣ, ಅದೇ ತೂಕದ ಜೋಳದಲ್ಲಿ ಸುಮಾರು 4. ಜೋಳದ ಕಬ್ಬಿಣವನ್ನು ಅದರಲ್ಲೇ ಇರುವ ಫೈಟೇಟ್ ಹಿಡಿದಿಟ್ಟುಕೊಳ್ಳುತ್ತದೆ, ಊಟದ ಬೆನ್ನಿಗೆ ಕುಡಿದ ಚಹಾ ಇನ್ನಷ್ಟು ತಡೆಯುತ್ತದೆ. ರೊಟ್ಟಿಯ ಜೊತೆಗಿನ ಪಲ್ಯದ ಮೇಲೆ ಇಂಡಿಯ ನಿಂಬೆಹಣ್ಣು ಹಿಂಡಿದರೆ ಅದರ ಸಿ ಜೀವಸತ್ವ ಕಬ್ಬಿಣವನ್ನು ಬಿಡಿಸಿ ಒಳಗೆ ಕಳಿಸುತ್ತದೆ.

ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಎಲ್ಲರ ಫೆರಿಟಿನ್ ಅಳೆಯುವುದು ಆಗದ ಮಾತು. ಅದಕ್ಕಾಗಿ 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ ಗುಳಿಗೆಯನ್ನೇ ಪರೀಕ್ಷೆಯನ್ನಾಗಿಯೂ ಬಳಸುತ್ತದೆ. ರಕ್ತ ಕಡಿಮೆಯಿರುವ ಗರ್ಭಿಣಿಗೆ ತಲಾ 60 ಮಿಲಿಗ್ರಾಂ ಕಬ್ಬಿಣವಿರುವ ಕೆಂಪು ಗುಳಿಗೆಗಳನ್ನು ದಿನಕ್ಕೆ ಎರಡರಂತೆ ಕೊಟ್ಟು, ತಿಂಗಳ ನಂತರ ಮತ್ತೆ ಅಳೆಯುತ್ತಾರೆ. ತಪ್ಪದೆ ನುಂಗಿಯೂ ಅಂಕಿ ಒಂದು ಗ್ರಾಂನಷ್ಟು ಏರದಿದ್ದರೆ ಕಾರಣ ಬೇರೆಯೇ ಇರಬಹುದೆಂದು ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಬಬಲೇಶ್ವರ, ತಿಕೋಟಾದವರಿಗೆ ಅದೆಂದರೆ ವಿಜಯಪುರದ ಜಿಲ್ಲಾಸ್ಪತ್ರೆ.